ಸೆಟ್ಟಿಂಗ್‌ನಲ್ಲಿ ಕರಗುವ ಶಿಫ್ಟ್

ಒಂದು ಸಣ್ಣ ಕಾರ್ಖಾನೆಗೆ 40 ಬಿಡಿಭಾಗಗಳ ಆರ್ಡರ್ ಬಂದಿದೆ ಎಂದಿಟ್ಟುಕೊಳ್ಳಿ. ಒಂದಕ್ಕೆ 6 ನಿಮಿಷದಂತೆ 4 ಗಂಟೆಯ ಕೆಲಸ. ಅದಕ್ಕೂ ಮೊದಲು ಸೆಟ್ಟಿಂಗ್‌ಗೆ, ಅಂದರೆ ಯಂತ್ರವನ್ನು ಹೊಸ ಕೆಲಸಕ್ಕೆ ಸಜ್ಜು ಮಾಡುವುದಕ್ಕೆ, 3 ಗಂಟೆ ಹಿಡಿಯುತ್ತದೆ. ಮಾಲೀಕರು ಸಾಮಾನ್ಯವಾಗಿ ಕೈಹಾಕುವುದು ಆ 4 ಗಂಟೆಗೆ: ದುಬಾರಿ ಇನ್ಸರ್ಟ್ (ಲೋಹ ಕತ್ತರಿಸುವ ಅಲಗು) ತರಿಸುತ್ತಾರೆ, ಫೀಡ್ (ಅದು ಮುಂದೆ ಸರಿಯುವ ವೇಗ) ಏರಿಸುತ್ತಾರೆ. ಪ್ರತಿ ಪೀಸ್‌ಗೆ ಅರ್ಧ ನಿಮಿಷ ಉಳಿದರೂ ಕೈಗೆ ಸಿಗುವುದು 20 ನಿಮಿಷ. ಆ 3 ಗಂಟೆಯನ್ನು ಯಾರೂ ಅಳೆದೇ ಇರುವುದಿಲ್ಲ.

ಅಳೆಯಬೇಕಾದದ್ದು ಹಳೆಯ ಜಾಬ್‌ನ ಕೊನೆಯ ಒಳ್ಳೆಯ ಪೀಸ್‌ನಿಂದ ಹೊಸ ಜಾಬ್‌ನ ಮೊದಲ ಒಳ್ಳೆಯ ಪೀಸ್‌ವರೆಗೆ. ಬೋಲ್ಟ್ ಬಿಚ್ಚಿ ಬಿಗಿಯುವುದನ್ನಷ್ಟೇ ಸೆಟ್ಟಿಂಗ್ ಎಂದು ಲೆಕ್ಕ ಹಿಡಿದರೆ ರೋಗ ಕಾಣುವುದೇ ಇಲ್ಲ. ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ ಕೊಟ್ಟ ಲೆಕ್ಕದಲ್ಲಿ, ಹಳೆಯ ರೀತಿಯ ಸೆಟ್ಟಿಂಗ್‌ನಲ್ಲಿ ಟೂಲ್ ಕಳಚಿ ಕೂರಿಸುವುದಕ್ಕೆ ಶೇ 5ರಷ್ಟು ಸಮಯ ಮಾತ್ರ. ಸಾಮಾನು ಹೊಂದಿಸುವುದಕ್ಕೆ ಶೇ 30, ಅಳತೆಗೆ ಶೇ 15, ಉಳಿದ ಶೇ 50 ಟ್ರಯಲ್ ಮತ್ತು ತಿದ್ದುಪಡಿಗೆ.

ಸೆಟ್ಟಿಂಗ್ ಸಮಯ ಇಳಿಸುವ ವಿಚಾರ ಅವರಿಗೆ ಹೊಳೆದದ್ದು 1950ರಲ್ಲಿ, ಹಿರೋಷಿಮಾದ ಟೊಯೊ ಕೊಗ್ಯೊ ಕಾರ್ಖಾನೆಯಲ್ಲಿ, ಇಂದಿನ ಮಜ್ದಾ. 800 ಟನ್ ಪ್ರೆಸ್‌ನ ಡೈ (ಲೋಹಕ್ಕೆ ಆಕಾರ ಕೊಡುವ ಅಚ್ಚು) ಬದಲಿಸುವಾಗ ಒಂದು ಬೋಲ್ಟ್ ಕಾಣೆಯಾಯಿತು. ಕೆಲಸಗಾರ ಹುಡುಕಿ ಹುಡುಕಿ ಕೊನೆಗೆ ಬೇರೆ ಯಂತ್ರದ ಉದ್ದದ ಬೋಲ್ಟ್ ತಂದು ಕತ್ತರಿಸಿ ಹಾಕಿದ. ಅಷ್ಟು ಹೊತ್ತೂ ಪ್ರೆಸ್ ಸುಮ್ಮನೆ ನಿಂತಿತ್ತು. ಯಂತ್ರ ನಿಂತಾಗಲೇ ಆಗಬೇಕಾದ ಕೆಲಸ ಯಾವುದು, ಓಡುತ್ತಿರುವಾಗಲೇ ಮುಗಿಸಿಡಬಹುದಾದದ್ದು ಯಾವುದು ಎಂದು ಶಿಂಗೊ ಬೇರ್ಪಡಿಸಿದ್ದು ಅಲ್ಲಿಂದ. 1969ರಲ್ಲಿ ಟೊಯೊಟಾದ 1000 ಟನ್ ಪ್ರೆಸ್‌ನಲ್ಲಿ 4 ಗಂಟೆಯ ಸೆಟ್ಟಿಂಗ್ 90 ನಿಮಿಷಕ್ಕೆ, ಆಮೇಲೆ 3 ನಿಮಿಷಕ್ಕೆ ಇಳಿಯಿತು.

ನಮ್ಮ ಪೀಣ್ಯದ, ಬೆಳಗಾವಿಯ ಸಣ್ಣ ಘಟಕಗಳಿಗೆ 3 ನಿಮಿಷ ಬೇಕಿಲ್ಲ. ದುಬಾರಿ ಕ್ವಿಕ್-ಚೇಂಜ್ ಉಪಕರಣವೂ ಮೊದಲ ದಿನ ಬೇಡ. ಸಿಎನ್‌ಸಿ ಲೇಥ್‌ನಲ್ಲಿ, ಅಂದರೆ ಕಂಪ್ಯೂಟರ್ ನಿಯಂತ್ರಣದ ತಿರುಗಣಿ ಯಂತ್ರದಲ್ಲಿ, ಪೀಸ್ ಹಿಡಿಯುವ ‘ಸಾಫ್ಟ್ ಜಾ’ ಎಂಬ ಮೆದು ಲೋಹದ ದವಡೆಗಳನ್ನೇ ನೋಡಿ. ಜಾಬ್ ಬದಲಾದಾಗಲೆಲ್ಲ ಅವನ್ನು ಪೀಸ್‌ನ ಅಳತೆಗೆ ಹೊಸದಾಗಿ ಕೊರೆಯುವುದು ಎಷ್ಟೋ ಕಡೆ ರೂಢಿ. ಪ್ರತಿ ಜಾಬ್‌ಗೂ ಒಂದು ಸೆಟ್ ಮೀಸಲಿಡಿ. ಯಾವ ಜಾ ಚಕ್‌ನ (ಜಾ ಕೂರುವ, ತಿರುಗುವ ಭಾಗ) ಎಷ್ಟನೇ ನಂಬರಿಗೆ, ಹಲ್ಲಿನ ಎಷ್ಟನೇ ಗೆರೆಗೆ ಎಂಬುದನ್ನು ಜಾ ಮೇಲೆಯೇ ಪಂಚ್ ಮಾಡಿಸಿ. ಮುಂದಿನ ಸಲ ತೆಳುವಾದ ಒಂದು ಕಟ್ ಸಾಕಾಗುತ್ತದೆ. ವಿಎಂಸಿಯಲ್ಲಿ (ನೇರ ನಿಂತ ಟೂಲ್‌ನಿಂದ ಕಡಿಯುವ ಸಿಎನ್‌ಸಿ ಯಂತ್ರ) ಪೀಸ್ ಹಿಡಿಯುವ ವೈಸ್‌ ಓರೆಯಿಲ್ಲದೆ ಕೂತಿದೆಯೇ ಎಂದು ಡಯಲ್ ಗೇಜ್ ಹಿಡಿದು ತಟ್ಟುತ್ತಾ ಕೂರುವ ಬದಲು ಟೇಬಲ್ ಮೇಲೆ ಒಂದು ಪ್ಲೇಟ್ ಕಾಯಂ ಮಾಡಿ, ಫಿಕ್ಸ್ಚರ್ (ಪೀಸ್ ಹಿಡಿದಿಡುವ ಸಾಧನ) ಎರಡು ಡೋವೆಲ್ ಪಿನ್ (ಜಾಗ ನಿಗದಿ ಮಾಡುವ ಗೂಟ) ಮೇಲೆ ಕೂರುವಂತೆ ಮಾಡಿ. ಜಾಬ್‌ನ ಶೂನ್ಯಬಿಂದು ಆಗ ಪ್ರತಿ ಸಲವೂ ಅಲ್ಲೇ ಇರುತ್ತದೆ, ಹುಡುಕುವ ಪ್ರಮೇಯವಿಲ್ಲ. ಟ್ರಯಲ್‌ನ ಶೇ 50 ಕರಗುವುದು ಇಂಥ ಕಡೆಯೇ. ಸೆಟ್ಟರ್‌ಗೆ ಬೇಗ ಬೇಗ ಎಂದು ಅವಸರ ಮಾಡುವುದರಿಂದ ಅಲ್ಲ.

ನನಗೆ ಹೆಚ್ಚು ಸಂಕಟವಾಗುವುದು ಫಸ್ಟ್ ಪೀಸ್ ತಪಾಸಣೆಯ ಕಾಯುವಿಕೆ ಕಂಡಾಗ. ಸೆಟ್ಟರ್ ಶ್ರಮಪಟ್ಟು ಪೀಸ್ ತೆಗೆದಿರುತ್ತಾನೆ, ಅದು ಕ್ವಾಲಿಟಿ ಕೋಣೆಯ ಮೇಜಿನ ಮೇಲೆ ಸರದಿಯಲ್ಲಿ ಕುಳಿತಿರುತ್ತದೆ, ಲಕ್ಷಾಂತರ ರೂಪಾಯಿಯ ಯಂತ್ರ ಬಾಗಿಲು ತೆರೆದು ನಿಂತಿರುತ್ತದೆ. ತಪಾಸಣೆ ಬಿಡಬೇಡಿ. ಆದರೆ ಇನ್‌ಸ್ಪೆಕ್ಟರ್‌ಗೆ ಅರ್ಧ ಗಂಟೆ ಮೊದಲೇ ತಿಳಿಸಿ, ಬೇಕಾದ ಗೇಜ್‌ಗಳು (ಅಳತೆ ಸಾಧನಗಳು) ಡ್ರಾಯಿಂಗ್ ಜೊತೆ ಅದೇ ಟ್ರಾಲಿಯಲ್ಲಿ ಬರಲಿ.

ಹೀಗೆ ಉಳಿತಾಯವಾದ ಸಮಯದಲ್ಲಿ ಅದೇ ಪೀಸನ್ನು ಇನ್ನಷ್ಟು ಮಾಡಿ ರ‍್ಯಾಕ್ ತುಂಬಿಸುವ ಆಸೆ ಸಹಜ. ಅದಕ್ಕೆ ಬೀಳಬೇಡಿ, ಬ್ಯಾಚ್ (ಒಂದು ಸೆಟ್ಟಿಂಗ್‌ನಲ್ಲಿ ಮಾಡುವ ಪೀಸ್‌ಗಳ ಗುಂಪು) ಚಿಕ್ಕದು ಮಾಡಿ. ಲಾಭದಾಯಕ ಬ್ಯಾಚ್ ಗಾತ್ರವು ಸೆಟ್ಟಿಂಗ್ ವೆಚ್ಚದ ವರ್ಗಮೂಲಕ್ಕೆ ತಕ್ಕಂತೆ ಬದಲಾಗುತ್ತದೆ. ವೆಚ್ಚ ಕಾಲು ಭಾಗಕ್ಕಿಳಿದರೆ ಬ್ಯಾಚ್ ಅರ್ಧಕ್ಕಿಳಿಯುತ್ತದೆ. 180 ನಿಮಿಷದ ಸೆಟ್ಟಿಂಗ್ 45ಕ್ಕೆ ಬಂದರೆ, 200ರ ಒಂದು ಬ್ಯಾಚ್ ಬದಲು 100ರ ಎರಡು ಬ್ಯಾಚ್ ಮಾಡಿದರೂ ಸೆಟ್ಟಿಂಗ್‌ಗೆ ಹೋಗುವುದು 90 ನಿಮಿಷ. ನಡುವೆ ಗ್ರಾಹಕರು ಡ್ರಾಯಿಂಗ್ ಬದಲಿಸಿದರೆ ಎರಡನೆಯ 100ಕ್ಕೆ ಬೇಕಾದ ಕಚ್ಚಾವಸ್ತು ಇನ್ನೂ ಕತ್ತರಿಸದೆ ಹಾಗೇ ಉಳಿದಿರುತ್ತದೆ.