ಗಡಿಯಾರವಿಲ್ಲದೆ ಬರುವ ಕಂಪ್ಯೂಟರಿಗೆ ಯಾವ ಗಡಿಯಾರ?

ವಿಜಯಪುರದ ನಮ್ಮ ಮನೆಯ ಮಹಡಿ ಮೇಲಿನ ನೀರಿನ ಟ್ಯಾಂಕಿನ ಲೆಕ್ಕ ಬರೆಯಲು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಹಳೆಯ ಕಂಪ್ಯೂಟರೊಂದನ್ನು ಇಟ್ಟಿದ್ದೇನೆ. ಬೇಸಿಗೆಯಲ್ಲಿ ಒಂದು ದಿನ ಹನ್ನೊಂದರ ಸುಮಾರಿಗೆ ಹೋದ ಕರೆಂಟ್ ಮಧ್ಯಾಹ್ನ ಮೂರಕ್ಕೆ ಬಂತು. ದಾಖಲೆಯಲ್ಲಿ ಮಾತ್ರ ಹೊತ್ತು 10:17. ಪೈಯೊಳಗೆ ಗಡಿಯಾರಕ್ಕೆಂದು ಸೆಲ್ ಇಲ್ಲ. ಗಂಟೆಗೊಮ್ಮೆ, 17ನೆಯ ನಿಮಿಷಕ್ಕೆ, ಒಂದು ಪುಟ್ಟ ತಂತ್ರಾಂಶ ಆಗಿನ ಹೊತ್ತನ್ನು ಮೆಮೊರಿ ಕಾರ್ಡಿನಲ್ಲಿ ಬರೆದಿಡುತ್ತದೆ. ಎಚ್ಚರವಾದಾಗ ಅಲ್ಲಿಂದಲೇ ಎಣಿಕೆ ಶುರು. ಇಂಟರ್‌ನೆಟ್ ಬಂದರೆ ಸಮಯ ತಾನೇ ಸರಿಹೋಗುತ್ತದೆ, ನಿಜ. ಆದರೆ ಕರೆಂಟ್ ಬಂದ ಕ್ಷಣಕ್ಕೇ ಇಂಟರ್‌ನೆಟ್ಟೂ ಬರುವ ಊರು ನಮ್ಮದಲ್ಲ.

ಸೆಲ್ಲಿನ ಗಡಿಯಾರವೊಂದನ್ನು ಕೊಂಡು ಜೋಡಿಸಿದರೆ ಮುಗಿಯಿತು ಎನ್ನುವವರು ಕೊಳ್ಳಲು ಹೊರಟು ನೋಡಬೇಕು. ಡಿಎಸ್1307, ಡಿಎಸ್3231, ಪಿಸಿಎಫ್8523 ಎಂಬ ಹೆಸರುಗಳು. ಎಲ್ಲವೂ ಆ ಹೆಸರಿನ ಗಡಿಯಾರ ಚಿಪ್ ಕೂರಿಸಿದ ಹೆಬ್ಬೆರಳಿನಗಲದ ಹಲಗೆಗಳು, ಎಲ್ಲದರ ವಿವರಣೆಯಲ್ಲೂ ‘ಅತ್ಯಂತ ನಿಖರ’ ಎಂಬ ಒಂದೇ ಮಾತು.

ಗೊಂದಲ ಹಳೆಯದು. 1981ರ ಐಬಿಎಂ ಪಿಸಿಯಲ್ಲಿ ಸೆಲ್ಲಿನ ಗಡಿಯಾರ ಇರಲಿಲ್ಲ. ಪ್ರತಿ ಸಲ ಚಾಲೂ ಮಾಡಿದಾಗಲೂ ಅದನ್ನು ನಡೆಸುವ ಮೂಲ ತಂತ್ರಾಂಶ ಡಾಸ್ ದಿನಾಂಕ ಕೇಳುತ್ತಿತ್ತು. ಸುಮ್ಮನೆ ಎಂಟರ್ ಒತ್ತಿದವರ ಕಡತಗಳೆಲ್ಲ 1980ರ ಜನವರಿ 1ರಂದೇ ಹುಟ್ಟುತ್ತಿದ್ದವು. ಗಡಿಯಾರ ಬೇಕಾದವರು ಬೇರೆ ಕಾರ್ಡ್ ಕೊಳ್ಳಬೇಕಿತ್ತು. 1984ರ ಪಿಸಿ ಎಟಿಯಲ್ಲಿ ಮೊಟೊರೋಲಾದ ಗಡಿಯಾರ ಚಿಪ್ ಸೆಲ್ ಸಮೇತ ಒಳಗೇ ಕುಳಿತಿತು. ಇಂದಿಗೂ ರಿಪೇರಿ ಅಂಗಡಿಗಳಲ್ಲಿ ‘ಸಿಮಾಸ್ ಸೆಲ್’ ಎನ್ನುವುದು ಅದರ ವಂಶವನ್ನೇ. ಕಮೊಡೋರ್ 64, ಸ್ಪೆಕ್ಟ್ರಮ್‌ಗಳಂಥ ಮನೆಯ ಕಂಪ್ಯೂಟರುಗಳಿಗೆ ಆ ಭಾಗ್ಯ ಬರಲಿಲ್ಲ. ಅಮಿಗಾ 500 ಕೊಂಡವರಿಗೆ ಗಡಿಯಾರ ಸಿಕ್ಕಿದ್ದು ಎ501 ಎಂಬ ಮೆಮೊರಿ ವಿಸ್ತರಣೆಯ ಜೊತೆಗೆ. ಅದರಲ್ಲಿದ್ದ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ವರ್ಷಗಳ ಮೇಲೆ ಸೋರಿ, ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತಿತ್ತು. ಚಿಪ್ ತಯಾರಿಸುತ್ತಿದ್ದ ಡಲ್ಲಾಸ್ ಕಂಪನಿ ಸೆಲ್ಲನ್ನೂ ಗಡಿಯಾರಕ್ಕೆ ಮಿಡಿತ ಕೊಡುವ ಹರಳನ್ನೂ ಚಿಪ್ಪಿನೊಳಗೇ ಎರಕ ಹೊಯ್ದು ಮುಚ್ಚಿತು. ಹತ್ತು ವರ್ಷದ ಬಾಳಿಕೆ ಎಂದಿತ್ತು. ಹನ್ನೊಂದನೆಯ ವರ್ಷ ಸೆಲ್ ಬದಲಿಸಬೇಕಾದವನು ಗರಗಸ ಹಿಡಿಯಬೇಕಾಯಿತು.

2012ರಲ್ಲಿ ಬಂದ ಪೈಯಲ್ಲಿ ಬೆಲೆ ತಗ್ಗಿಸಲು ಮತ್ತೆ ಗಡಿಯಾರ ಬಿಟ್ಟರು. ಮೂವತ್ತು ವರ್ಷ ಸುತ್ತಿ ಬಂದು ಹೊರಟಲ್ಲೇ ನಿಂತ ಹಾಗಾಯಿತು.

ಈ ಹಲಗೆಗಳ ಜೀವ ಇರುವುದು ಸೆಕೆಂಡಿಗೆ 32,768 ಬಾರಿ ಕಂಪಿಸುವ ಹರಳಿನಲ್ಲಿ. ಒಂದನ್ನು ಹದಿನೈದು ಸಲ ಇಮ್ಮಡಿಸಿದರೆ ಬರುವ ಸಂಖ್ಯೆ ಅದು. ಹದಿನೈದು ಸಲ ಅರ್ಧ ಮಾಡಿದರೆ ಒಂದು ಸೆಕೆಂಡ್ ಕೈಗೆ ಸಿಗುತ್ತದೆ. ಹರಳಿಗೆ ಹಿತವಾದದ್ದು 25 ಡಿಗ್ರಿ. ಅದಕ್ಕಿಂತ ಸೆಕೆಯಾದರೂ ಚಳಿಯಾದರೂ ಅದು ನಿಧಾನವಾಗುತ್ತದೆ, ಅದೂ ವ್ಯತ್ಯಾಸದ ವರ್ಗದ ಪ್ರಮಾಣದಲ್ಲಿ: ವ್ಯತ್ಯಾಸ ಎರಡು ಪಟ್ಟಾದರೆ ನಿಧಾನ ನಾಲ್ಕು ಪಟ್ಟು. ಬಿಸಿಲಿಗೆ ಕಾದ ಮಹಡಿಯ ಪ್ಲಾಸ್ಟಿಕ್ ಡಬ್ಬಿಯೊಳಗೆ 55 ಡಿಗ್ರಿ ಆಯಿತೆನ್ನಿ, ದಿನಕ್ಕೆ ಎರಡೂವರೆ ಸೆಕೆಂಡ್ ಹಿಂದೆ ಬೀಳುತ್ತದೆ. ಅಗ್ಗದ ಡಿಎಸ್1307ಕ್ಕೆ ಇದನ್ನು ತಿದ್ದಿಕೊಳ್ಳುವ ದಾರಿಯಿಲ್ಲ. ಮೇಲಾಗಿ ಅದು 5 ವೋಲ್ಟಿನ ಚಿಪ್. ಪೈಯ ಪಿನ್ನುಗಳು ತಾಳುವುದು 3.3ನ್ನು. ಡಿಎಸ್3231 ಹಾಗಲ್ಲ, ತನ್ನ ಶಾಖವನ್ನು ತಾನೇ ಅಳೆದು ಲೆಕ್ಕ ಸರಿಪಡಿಸಿಕೊಳ್ಳುತ್ತದೆ. 40 ಡಿಗ್ರಿಯವರೆಗೆ ವರ್ಷಕ್ಕೆ ಹೆಚ್ಚೆಂದರೆ ಸುಮಾರು ಒಂದು ನಿಮಿಷದ ತಪ್ಪು, ಅದರಾಚೆ ಎರಡು ನಿಮಿಷದೊಳಗೆ. ನಮ್ಮ ಕಡೆಯ ಮೇ ತಿಂಗಳಿಗೆ ಇದೇ ಸರಿ ಎಂದು ನನಗನ್ನಿಸುತ್ತದೆ.

ಚಿಪ್ಪಿನ ಆಯ್ಕೆ ಹೀಗೆ ಸುಲಭವಾಯಿತು. ನಾನು ಎಡವಿದ್ದು ಸೆಲ್ಲಿನಲ್ಲಿ. ಡಿಎಸ್3231 ಕೂರಿಸಿದ, ಎಲ್ಲೆಡೆ ಸಿಗುವ ನೀಲಿ ಹಲಗೆಯ ಮೇಲೆ ಝಡ್‌ಎಸ್-042 ಎಂದು ಅಚ್ಚಾಗಿರುತ್ತದೆ. ಗಾಂಧಿ ಚೌಕದ ಬಳಿ ವಾಚ್ ರಿಪೇರಿ ಮಾಡುವವರೊಬ್ಬರಲ್ಲಿ ಸಿಆರ್2032 ಸೆಲ್ ಕೇಳಿದೆ. ಕಣ್ಣಿನ ಭೂತಗನ್ನಡಿ ತೆಗೆಯದೆಯೇ ಅವರು ಹಲಗೆಯನ್ನು ತಿರುಗಿಸಿ, ಅದರ ಮೇಲಿದ್ದ ಅಕ್ಕಿಕಾಳಿನಷ್ಟು ಗಾಜಿನ ಡಯೋಡನ್ನು, ಅಂದರೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಭಾಗವನ್ನು, ಉಗುರಿನಿಂದ ತೋರಿಸಿದರು. “ಸರ್, ಇದು ಸೆಲ್ಲಿಗೆ ಚಾರ್ಜ್ ಕೊಡುವ ದಾರಿ. ನೀವು ಕೇಳುತ್ತಿರುವ ಸೆಲ್ ಚಾರ್ಜ್ ಆಗುವುದಲ್ಲ” ಎಂದರು.

ಅವರ ಮಾತು ಅಕ್ಷರಶಃ ಸರಿ. ಹಲಗೆಯನ್ನು ರೂಪಿಸಿದ್ದು ಮರುಚಾರ್ಜ್ ಆಗುವ ಎಲ್‌ಐಆರ್2032ಗೆ. ಗಾತ್ರ ಎರಡಕ್ಕೂ ಒಂದೇ, 20 ಮಿಲಿಮೀಟರ್ ಅಗಲ. ಸಿಆರ್ ಸೆಲ್ಲೂ ಅದೇ ತೊಟ್ಟಿಲಲ್ಲಿ ಸಲೀಸಾಗಿ ಕೂರುತ್ತದೆ. 5 ವೋಲ್ಟ್ ಕೊಟ್ಟರೆ ಡಯೋಡ್ ದಾಟಿ ಸುಮಾರು 4.4 ವೋಲ್ಟ್ ಸೆಲ್ಲನ್ನು ಒತ್ತುತ್ತದೆ. 3 ವೋಲ್ಟಿನ ಸಿಆರ್ ಉಬ್ಬಬಹುದು, ಸೋರಬಹುದು. ತಮಾಷೆಯೆಂದರೆ ಎಲ್‌ಐಆರ್‌ಗೂ ಇದು ಹೆಚ್ಚೇ, ಅದರ ಮಿತಿ 4.2. ಇಷ್ಟೆಲ್ಲ ಗೊತ್ತಿದ್ದೂ ಹಲಗೆ ಹಾಗೆಯೇ ಅಚ್ಚಾಗಿ ಬರುತ್ತಲೇ ಇದೆ. ಮಾರುವ ಪುಟಗಳಲ್ಲಿ ಯಾವ ಸೆಲ್ ಎಂಬ ಒಂದು ಸಾಲು ಸೇರಿಸಲು ಎಷ್ಟು ಖರ್ಚಾಗುತ್ತದೋ!

ವಾಚಿನವರು ಕಾದ ಬೆಸುಗೆ ಕಡ್ಡಿಯ ತುದಿ ಮುಟ್ಟಿಸಿ ಡಯೋಡನ್ನು ಕಿತ್ತು ನನ್ನ ಅಂಗೈಗೆ ಹಾಕಿದರು. ಸೆಲ್ಲಿನ ದುಡ್ಡನ್ನಷ್ಟೇ ತೆಗೆದುಕೊಂಡರು. ಮನೆಯಲ್ಲಿ ಹಲಗೆಗೆ 3.3 ವೋಲ್ಟಿನ ಪಿನ್ನಿನಿಂದಲೇ ವಿದ್ಯುತ್ ಕೊಟ್ಟೆ, ಸಂರಚನಾ ಕಡತದಲ್ಲಿ ಡಿಎಸ್3231 ಎಂಬ ಸಾಲು ಬರೆದೆ, ಹೊತ್ತು ಬರೆದಿಡುವ ಆ ಪುಟ್ಟ ತಂತ್ರಾಂಶವನ್ನು ತೆಗೆದುಹಾಕಿದೆ.

2023ರ ಪೈ 5ರಲ್ಲಿ ಗಡಿಯಾರ ಕೊನೆಗೂ ಒಳಗೇ ಬಂದಿದೆ. ಸೆಲ್ ಮಾತ್ರ ಜೊತೆಗೆ ಬರುವುದಿಲ್ಲ. ಎರಡು ಪಿನ್ನಿನ ಖಾಲಿ ಸಾಕೆಟ್ ಬಿಟ್ಟಿದ್ದಾರೆ. ಚಾರ್ಜ್ ಮಾಡುವ ವ್ಯವಸ್ಥೆಯೂ ಇದೆ, ಆದರೆ ನಾವಾಗಿ ಹೇಳುವವರೆಗೆ ಅದು ಬಂದ್ ಆಗಿಯೇ ಇರುತ್ತದೆ. ನೀಲಿ ಹಲಗೆಯ ಪಾಠವನ್ನು ಅಷ್ಟರಮಟ್ಟಿಗೆ ಯಾರೋ ಓದಿಕೊಂಡಿದ್ದಾರೆ.