ಮೂಳೆ ಬೆಸೆಯಬೇಕೋ, ಡಿಸ್ಕ್ ಬದಲಿಸಬೇಕೋ: ಸೊಂಟ ನೋವಿನ ಹಳೇ ಜಗಳದ ಹಿನ್ನೆಲೆ

ಕಳೆದ ವರ್ಷ ನಮ್ಮ ಅಕ್ಕ ಒಂದೇ ವಾರದಲ್ಲಿ ಇಬ್ಬರು ಡಾಕ್ಟರ ಹತ್ತಿರ ಹೋಗಿ ಬಂದಳು. ಕೈಯಲ್ಲಿದ್ದದ್ದು ಒಂದೇ ಎಂಆರ್‌ಐ ಫಿಲ್ಮು. ಒಬ್ಬರು "ಎಲ್4-ಎಲ್5 ಡಿಸ್ಕ್ ಪೂರ್ತಿ ಸವೆದಿದೆ, ಎರಡೂ ಮೂಳೆ ಸೇರಿಸಿ ಸ್ಕ್ರೂ ಹಾಕಿಬಿಡೋಣ" ಅಂದರು. ಇನ್ನೊಬ್ಬರು "ಸ್ಕ್ರೂ ಹಾಕಿದರೆ ಆ ಜಾಗ ಬಗ್ಗೋದೇ ಇಲ್ಲ, ಕೃತಕ ಡಿಸ್ಕ್ ಕೂರಿಸೋಣ" ಅಂದರು. ಮನೆಗೆ ಬಂದ ಮೇಲೆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಎಲ್ಲರೂ ನೋಡಿದೆವು. ಕೆಳಗಿನ ಐದು ಡಿಸ್ಕುಗಳಲ್ಲಿ ನಾಲ್ಕು ಬೆಳ್ಳಗೆ, ಒಂದು ಕಪ್ಪಗೆ. ನಮಗೆ ಕಂಡದ್ದು ಅಷ್ಟೇ.

"ನೀನು ಓದ್ತೀಯಲ್ಲ, ಯಾವುದು ಒಳ್ಳೇದು ಹೇಳು" ಅಂದಳು ಅಕ್ಕ. ಅಂದಿನಿಂದ ಓದಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಬೆನ್ನುಮೂಳೆಯ ಎರಡು ತುಂಡುಗಳ ನಡುವೆ ಕೂತಿರುವ ಮೆತ್ತೆಯೇ ಡಿಸ್ಕ್. ಎಲ್4-ಎಲ್5 ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವಿನದು. ಹೊರಗೆ ಗಟ್ಟಿ ನಾರಿನ ಸುತ್ತು, ಒಳಗೆ ನೀರು ತುಂಬಿದ ಲೋಳೆ. ವಯಸ್ಸಾದಂತೆ ನೀರು ಆರುತ್ತದೆ, ಮೆತ್ತೆ ತೆಳುವಾಗುತ್ತದೆ, ಎಂಆರ್‌ಐನಲ್ಲಿ ಕಪ್ಪಗೆ ಕಾಣುತ್ತದೆ. ನಮ್ಮ ಕಡೆ "ಗ್ಯಾಪ್ ಬಂದಿದೆ" ಅನ್ನುತ್ತಾರೆ. ನಿಜಕ್ಕೂ ಅಲ್ಲಿ ಗ್ಯಾಪ್ ಕಮ್ಮಿ ಆಗಿರುತ್ತದೆ. ಡಿಸ್ಕ್ ಉಬ್ಬಿ ನರ ಒತ್ತಿದರೆ ನೋವು ಕಾಲಿಗೆ ಇಳಿಯುತ್ತದೆ. ಆ ಕಥೆ ಬೇರೆ, ಅದರ ಆಪರೇಷನ್ನೂ ಬೇರೆ. ಇಲ್ಲಿ ಹೇಳುತ್ತಿರುವುದು ಮೂರು ತಿಂಗಳು ದಾಟಿಯೂ ಹೋಗದೆ ಸೊಂಟದಲ್ಲೇ ಕೂತಿರುವ ನೋವಿನ ವಿಷಯ.

ಮೂಳೆ ಬೆಸೆಯುವ ಆಪರೇಷನ್ ಹುಟ್ಟಿದ್ದು ಈ ನೋವಿಗಾಗಿ ಅಲ್ಲವೇ ಅಲ್ಲ. 1911ರಲ್ಲಿ ನ್ಯೂಯಾರ್ಕಿನ ರಸೆಲ್ ಹಿಬ್ಸ್ ಮತ್ತು ಫ್ರೆಡ್ ಆಲ್ಬೀ ಅನ್ನುವ ಇಬ್ಬರು ಸರ್ಜನ್ನರು ಬೇರೆ ಬೇರೆಯಾಗಿ ಇದನ್ನು ಪ್ರಕಟಿಸಿದರು. ಅವರ ಮುಂದಿದ್ದದ್ದು ಬೆನ್ನುಮೂಳೆಯ ಕ್ಷಯ. ಮೂಳೆ ಕರಗಿ ಕುಸಿದು ಮಕ್ಕಳು ಗೂನಾಗುತ್ತಿದ್ದರು. ಆಲ್ಬೀ ಕಾಲಿನ ಮೂಳೆಯಿಂದ ಒಂದು ಪಟ್ಟಿ ತೆಗೆದು ಬೆನ್ನಿಗೆ ಕೂರಿಸಿದರು. ಅದು ಬೆಸೆದುಕೊಂಡು ಬೆನ್ನು ನಿಂತಿತು. ಮುಂದೆ ಇದೇ ಚಿಕಿತ್ಸೆ ಮುರಿದ ಬೆನ್ನಿಗೆ ಬಂತು, ಡೊಂಕು ಬೆನ್ನಿಗೆ ಬಂತು. 1934ರಲ್ಲಿ ಬೋಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್, ಕಾಲಿಗಿಳಿಯುವ ನೋವಿಗೆ ಡಿಸ್ಕ್ ಕಾರಣ ಅಂತ ತೋರಿಸಿದ ಮೇಲೆ ಎಲ್ಲರ ಕಣ್ಣೂ ಡಿಸ್ಕಿನ ಮೇಲೆ ಬಿತ್ತು. ಆಮೇಲೆ ಸ್ಕ್ರೂ, ರಾಡ್, ಪಂಜರದಂಥ ಕೇಜ್ ಒಂದಾದ ಮೇಲೊಂದು ಬಂದವು. ಕೈಯಲ್ಲಿ ಸಲಕರಣೆ ಹೆಚ್ಚಿದಷ್ಟೂ ಬರೀ ಸೊಂಟ ನೋವಿಗೂ ಬೆಸೆಯುವುದು ಜಾಸ್ತಿಯಾಯಿತು. ತರ್ಕ ಸರಳ. ಅಲ್ಲಾಡಿದರೆ ನೋಯುತ್ತದೆ, ಅಲ್ಲಾಡದ ಹಾಗೆ ಮಾಡಿದರೆ ನೋಯುವುದಿಲ್ಲ.

ತೊಂದರೆ ಶುರುವಾಗಿದ್ದು ಪಕ್ಕದ ಮನೆಯಲ್ಲಿ. ಒಂದು ಕೀಲು ನಿಂತರೆ ಅದರ ಕೆಲಸ ಮೇಲಿನ ಮತ್ತು ಕೆಳಗಿನ ಕೀಲಿನ ಮೇಲೆ ಬೀಳುತ್ತದೆ. ಕೆಲವರಿಗೆ ವರ್ಷಗಳ ನಂತರ ಅದೂ ಸವೆದು ಇನ್ನೊಂದು ಆಪರೇಷನ್ ಬೇಕಾಯಿತು. ಬೆಸೆದ ಕಾರಣಕ್ಕೆ ಸವೆದದ್ದೋ, ವಯಸ್ಸಿಗೆ ಸವೆದದ್ದೋ ಅನ್ನುವ ವಾದ ಇವತ್ತಿಗೂ ಮುಗಿದಿಲ್ಲ. ಆದರೂ ತೊಡೆಯ ಬುಡದ (ಹಿಪ್) ಮತ್ತು ಮಂಡಿಯ ಕೀಲನ್ನೇ ಬದಲಿಸುವ ಕಾಲದಲ್ಲಿ ಬೆನ್ನಿನ ಕೀಲನ್ನು ಯಾಕೆ ಬೆಸೆಯಬೇಕು ಅನ್ನುವ ಪ್ರಶ್ನೆ ಸಹಜವೇ ಅಲ್ವಾ?

ಮೊದಲು ಕೈ ಹಾಕಿದವರಲ್ಲಿ ಸ್ವೀಡನ್ನಿನ ಉಲ್ಫ್ ಫೆರ್ನ್‌ಸ್ಟ್ರೋಮ್ ಒಬ್ಬರು. 1960ರ ದಶಕದಲ್ಲಿ ಅವರು ಡಿಸ್ಕಿನ ಜಾಗಕ್ಕೆ ಉಕ್ಕಿನ ಗುಂಡು ಕೂರಿಸಿದರು. ಬೇರಿಂಗ್ ಗುಂಡಿನ ಹಾಗೆ. ಗುಂಡು ಮೆಲ್ಲಗೆ ಮೂಳೆಯೊಳಗೆ ಹೂತುಹೋಯಿತು.

ಆಮೇಲಿನದು ನನಗೆ ತುಂಬಾ ಹಿಡಿಸಿದ ಭಾಗ. ಪೂರ್ವ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿ ಕಾರಿನ್ ಬ್ಯೂಟ್ನರ್-ಯಾನ್ಜ್ ಅನ್ನುವ ಡಾಕ್ಟರ್ ಇದ್ದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಜಿಮ್ನಾಸ್ಟಿಕ್ಸ್‌ನ ಎರಡು ಚಿನ್ನ ಗೆದ್ದವರು. ಬೆನ್ನು ಎಷ್ಟು ಬಳುಕಬಲ್ಲದು ಅಂತ ಅವರಿಗಿಂತ ಚೆನ್ನಾಗಿ ಬಲ್ಲವರು ಕಮ್ಮಿ. ಅವರೂ ಸಹೋದ್ಯೋಗಿ ಕುರ್ಟ್ ಶೆಲ್‌ನಾಕ್ ಅವರೂ ಸೇರಿ 1980ರ ದಶಕದ ಆರಂಭದಲ್ಲಿ ಒಂದು ಡಿಸ್ಕ್ ರೂಪಿಸಿದರು. ಮೇಲೊಂದು ಲೋಹದ ತಟ್ಟೆ, ಕೆಳಗೊಂದು ಲೋಹದ ತಟ್ಟೆ. ತಟ್ಟೆಯ ಅಂಚಿಗೆ ಮೂಳೆ ಕಚ್ಚಿಕೊಳ್ಳಲು ಸಣ್ಣ ಸಣ್ಣ ಹಲ್ಲು. ಎರಡರ ನಡುವೆ ಜಾರುವ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ, ಎರಡೂ ಕಡೆ ಉಬ್ಬಿದ ಪೆಪ್ಪರ್‌ಮೆಂಟಿನ ಆಕಾರದ್ದು. 1984ರಲ್ಲಿ ಮೊದಲ ಸಲ ಮನುಷ್ಯನ ಬೆನ್ನಿಗೆ ಕೂರಿಸಿದರು. ಮೊದಲ ಎರಡು ಮಾದರಿಗಳಲ್ಲಿ ತಟ್ಟೆ ಮೂಳೆಗೆ ಇಳಿಯುವುದು, ಮುರಿಯುವುದು ಎಲ್ಲ ಆಯಿತು. ಮೂರನೇ ಮಾದರಿ 1987ರಲ್ಲಿ ಹ್ಯಾಂಬರ್ಗಿನ ಕಂಪನಿಯೊಂದರಲ್ಲಿ ತಯಾರಾಯಿತು. ಆಸ್ಪತ್ರೆಯ ಹೆಸರೇ ಡಿಸ್ಕಿಗೂ ಉಳಿಯಿತು: ಶಾರಿಟೆ.

ಫ್ರಾನ್ಸಿನ ಮೊಂಪೆಲಿಯೆಯಲ್ಲಿ ಥಿಯರಿ ಮಾರ್ನೆ ಅನ್ನುವ ಸರ್ಜನ್ 1990ರಲ್ಲಿ ಪ್ರೊಡಿಸ್ಕ್ ಅನ್ನುವ ಇನ್ನೊಂದು ಕೃತಕ ಡಿಸ್ಕ್ ಶುರು ಮಾಡಿದರು. 64 ಜನರಿಗೆ ಹಾಕಿ 1993ರಲ್ಲಿ ನಿಲ್ಲಿಸಿಬಿಟ್ಟರು. ಹಾಕಿಸಿಕೊಂಡವರು ಹೇಗಿದ್ದಾರೆ ಅಂತ ವರ್ಷಗಟ್ಟಲೆ ಕಾದು ನೋಡಿ, ಆಮೇಲೆ ಮುಂದಿನ ಮಾದರಿಗೆ ಹೋದರು. ಈ ಇಡೀ ಕಥೆಯಲ್ಲಿ ಇಂಥ ತಾಳ್ಮೆ ಅಪರೂಪ.

ಇಲ್ಲಿ ಆಪರೇಷನ್ ಹೇಗೆ ಮಾಡುತ್ತಾರೆ ಅನ್ನುವುದನ್ನು ಹೇಳಲೇಬೇಕು, ಯಾಕೆಂದರೆ ಅಕ್ಕನಿಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ಸೊಂಟದ ಕೃತಕ ಡಿಸ್ಕನ್ನು ಬೆನ್ನಿನ ಕಡೆಯಿಂದ ಕೂರಿಸುವುದಿಲ್ಲ, ಹೊಟ್ಟೆಯ ಕಡೆಯಿಂದ ಹೋಗುತ್ತಾರೆ. ಕರುಳನ್ನು ಪಕ್ಕಕ್ಕೆ ಸರಿಸಿದರೆ ಬೆನ್ನುಮೂಳೆಗೆ ಅಂಟಿಕೊಂಡಂತೆ ಹೃದಯದಿಂದ ಬರುವ ಮಹಾಧಮನಿ, ಅದರ ಪಕ್ಕ ದೊಡ್ಡ ಅಭಿಧಮನಿ. ಹೆಚ್ಚಿನವರಲ್ಲಿ ಎಲ್4-ಎಲ್5ರ ಆಸುಪಾಸಿನಲ್ಲೇ ಅವು ಎರಡು ಕವಲಾಗುತ್ತವೆ. ಅವನ್ನು ಮೆಲ್ಲಗೆ ಸರಿಸಲು ಬಹಳ ಕಡೆ ರಕ್ತನಾಳದ ಸರ್ಜನ್ ಜೊತೆಗಿರುತ್ತಾರೆ. ಗಂಡಸರಲ್ಲಿ ಅಲ್ಲಿನ ಸಣ್ಣ ನರಗಳಿಗೆ ಪೆಟ್ಟಾದರೆ ವೀರ್ಯ ಹಿಂದಕ್ಕೆ ಹೋಗುವ ತೊಂದರೆ ಆಗಬಹುದು. ಮೊದಲ ಸಲ ದಾರಿ ಸಿಗುತ್ತದೆ. ಡಿಸ್ಕ್ ಕೈಕೊಟ್ಟು ಎರಡನೇ ಸಲ ಹೋಗಬೇಕಾದರೆ ರಕ್ತನಾಳಗಳು ಗಾಯದ ಕಲೆಯಲ್ಲಿ ಅಂಟಿಕೊಂಡಿರುತ್ತವೆ. ಅದು ನಿಜವಾಗಿಯೂ ಅಪಾಯದ ಕೆಲಸ.

2004ರ ಅಕ್ಟೋಬರಿನಲ್ಲಿ ಅಮೆರಿಕದ ಎಫ್‌ಡಿಎ, ಅಂದರೆ ಔಷಧಿ ಮತ್ತು ವೈದ್ಯಕೀಯ ಸಲಕರಣೆಗಳನ್ನು ಪರಿಶೀಲಿಸುವ ಸರ್ಕಾರಿ ಸಂಸ್ಥೆ, ಶಾರಿಟೆ ಡಿಸ್ಕಿಗೆ ಒಪ್ಪಿಗೆ ಕೊಟ್ಟಿತು. 2006ರಲ್ಲಿ ಪ್ರೊಡಿಸ್ಕಿಗೂ ಸಿಕ್ಕಿತು. ಗೊಂದಲದ ಗಂಟು ಬಿದ್ದದ್ದು ಇಲ್ಲೇ ಅಂತ ನನಗನ್ನಿಸುತ್ತದೆ. ಶಾರಿಟೆಯ ಪರೀಕ್ಷೆಯಲ್ಲಿ ಒಟ್ಟು 304 ಜನ. 205 ಮಂದಿಗೆ ಡಿಸ್ಕ್, 99 ಮಂದಿಗೆ ಬ್ಯಾಕ್ ಅನ್ನುವ ಕೇಜ್ ಹಾಕಿ ಬೆಸುಗೆ. ಡಿಸ್ಕ್ ಬೆಸುಗೆಗಿಂತ ಮೇಲು ಅಂತ ಸಾಬೀತು ಮಾಡಬೇಕಾಗಿರಲಿಲ್ಲ. ಒಂದು ಮಿತಿ ಮೀರಿ ಕೀಳಲ್ಲ ಅಂತ ತೋರಿಸಿದರೆ ಸಾಕಿತ್ತು. ತೋರಿಸಿದರು. ಹೋಲಿಸಿದ ಕೇಜ್ ಆ ಹೊತ್ತಿಗಾಗಲೇ ಬಳಕೆಯಿಂದ ಹಿಂದೆ ಸರಿಯುತ್ತಿತ್ತು. ಪ್ರೊಡಿಸ್ಕ್ ಪರೀಕ್ಷೆ ನಡೆಸಿದ ಕೆಲವು ಡಾಕ್ಟರಿಗೆ ಆ ಡಿಸ್ಕಿನಲ್ಲಿ ಹಣದ ಪಾಲಿತ್ತು ಅನ್ನುವುದೂ ಆಮೇಲೆ ಪತ್ರಿಕೆಯಲ್ಲಿ ಬಂತು. ಇದರಿಂದ ಫಲಿತಾಂಶ ಸುಳ್ಳು ಅಂತ ಆಗುವುದಿಲ್ಲ. ಆದರೆ ನೋವಿನಲ್ಲಿ ಇರುವವರಿಗೆ ಇದನ್ನು ಮೊದಲೇ ಹೇಳಬೇಕಿತ್ತು.

"ಬೆಸುಗೆಗಿಂತ ಕೀಳಲ್ಲ" ಅನ್ನುವ ಮಾತಿಗೆ ಬೆಲೆ ಬರಬೇಕಾದರೆ ಬೆಸುಗೆಯೇ ಚೆನ್ನಾಗಿ ಕೆಲಸ ಮಾಡಬೇಕಲ್ಲ? ಅದೇ ಹೊತ್ತಿಗೆ ಯುರೋಪಿನಲ್ಲಿ ಆ ಪ್ರಶ್ನೆಯನ್ನೇ ಕೇಳುತ್ತಿದ್ದರು. 2001ರಲ್ಲಿ ಸ್ವೀಡನ್ನಿನ 294 ಜನರ ಅಧ್ಯಯನ ಬೆಸುಗೆಯ ಪರವಾಗಿ ಬಂತು. ಆಪರೇಷನ್ ಆದವರಲ್ಲಿ 63% ಮಂದಿ ವಾಸಿ ಅಂದರು, ಆಗದವರಲ್ಲಿ 29%. ಆದರೆ ಆಗದವರಿಗೆ ಸಿಕ್ಕಿದ್ದು ಅವರು ಅಷ್ಟು ದಿನ ಮಾಡಿ ಸೋತಿದ್ದ ಅದೇ ಮಾಮೂಲಿ ಫಿಸಿಯೋಥೆರಪಿ. 2003ರಲ್ಲಿ ನಾರ್ವೆಯವರು, 2005ರಲ್ಲಿ ಬ್ರಿಟನ್ನಿನವರು 349 ಜನರ ಮೇಲೆ, ಬೆಸುಗೆಯನ್ನು ಗಟ್ಟಿಯಾದ, ವ್ಯವಸ್ಥಿತವಾದ ವ್ಯಾಯಾಮದ ಎದುರು ನಿಲ್ಲಿಸಿದರು. ವ್ಯತ್ಯಾಸ ಹೆಚ್ಚುಕಮ್ಮಿ ಮಾಯವಾಯಿತು.

ಡಿಸ್ಕಿಗೂ ಅದೇ ಪರೀಕ್ಷೆ ಆಗಬೇಕಿತ್ತು. ಅದನ್ನೂ ನಾರ್ವೆಯವರೇ ಮಾಡಿ 2011ರಲ್ಲಿ ಪ್ರಕಟಿಸಿದರು. 173 ಜನ. ಅರ್ಧದಷ್ಟು ಮಂದಿಗೆ ಕೃತಕ ಡಿಸ್ಕ್. ಉಳಿದವರಿಗೆ ಮೂರರಿಂದ ಐದು ವಾರದಲ್ಲಿ ಸುಮಾರು 60 ಗಂಟೆ ಪುನಶ್ಚೇತನ: ಡಾಕ್ಟರು, ಫಿಸಿಯೋಥೆರಪಿಸ್ಟು ಜೊತೆಗಿದ್ದು ಕಲಿಸುವ ವ್ಯಾಯಾಮ, ಬಗ್ಗಿದರೆ ಬೆನ್ನು ಮುರಿಯುತ್ತದೆ ಅನ್ನುವ ಹೆದರಿಕೆ ಬಿಡಿಸುವ ಮಾತು. ದಿನನಿತ್ಯದ ಕೆಲಸಕ್ಕೆ ನೋವು ಎಷ್ಟು ಅಡ್ಡಿ ಅಂತ 0ಯಿಂದ 100ರವರೆಗೆ ಅಳೆಯುವ ಓಸ್ವೆಸ್ಟ್ರಿ ಅಂಕ ಅಂತ ಇದೆ. ಎರಡು ವರ್ಷದಲ್ಲಿ ಡಿಸ್ಕ್ ಹಾಕಿಸಿಕೊಂಡವರಿಗೆ ಅದು 20.8 ಇಳಿಯಿತು, ವ್ಯಾಯಾಮದವರಿಗೆ 12.4. ಡಿಸ್ಕ್ ಮುಂದಿತ್ತು ನಿಜ. ಆದರೆ ಕನಿಷ್ಠ 10 ಅಂಕದ ವ್ಯತ್ಯಾಸ ಇದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ ಅಂತ ಅವರೇ ಮೊದಲೇ ಬರೆದಿಟ್ಟಿದ್ದರು. ಸಿಕ್ಕಿದ್ದು 8.4. ಕೆಲಸಕ್ಕೆ ಮರಳಿದವರ ಪ್ರಮಾಣ ಎರಡೂ ಕಡೆ ಒಂದೇ. ಆಪರೇಷನ್ ಆದವರಲ್ಲಿ ಒಬ್ಬರ ಕಾಲು ತೆಗೆಯಬೇಕಾಯಿತು.

ಆ ಕೊನೆಯ ಸಾಲನ್ನು ನಾನು ಎರಡು ಸಲ ಓದಿದೆ. 173ರಲ್ಲಿ ಒಬ್ಬರು. ನೋವಿಗೆ ಅಂತ ಹೋದವರು.

ಡಿಸ್ಕಿನ ಪರವಾಗಿಯೂ ಹೇಳಬೇಕು. ಬೆಸುಗೆಗೆ ಹೋಲಿಸಿದ ಸ್ವೀಡನ್ನಿನ ಇನ್ನೊಂದು ಅಧ್ಯಯನದಲ್ಲಿ 152 ಜನರಿದ್ದರು. ಐದು ವರ್ಷದ ನಂತರ ನೋವೇ ಇಲ್ಲ ಅಂದವರು ಡಿಸ್ಕಿನ ಗುಂಪಿನಲ್ಲಿ 38%, ಬೆಸುಗೆಯ ಗುಂಪಿನಲ್ಲಿ 15%. ಎರಡರಲ್ಲಿ ಒಂದನ್ನು ಮಾಡಿಸಲೇಬೇಕು ಅಂತಿದ್ದರೆ, ಸರಿಯಾಗಿ ಆರಿಸಿದ ರೋಗಿಗೆ ಡಿಸ್ಕ್ ಕೀಳಲ್ಲ, ಸ್ವಲ್ಪ ಮೇಲೇ ಇರಬಹುದು. ಆದರೆ 2012ರಲ್ಲಿ ಕೊಕ್ರೇನ್ ಸಂಸ್ಥೆ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ, ದೊಡ್ಡ ಪ್ರಮಾಣದಲ್ಲಿ ಬಳಕೆಗೆ ತರುವಾಗ ಎಚ್ಚರ ಇರಲಿ ಅಂತ ಬರೆಯಿತು. ವಯಸ್ಸಾದವರಿಗಿರುವ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 2007ರಲ್ಲೇ 60 ದಾಟಿದವರ ಸೊಂಟದ ಡಿಸ್ಕಿಗೆ ದುಡ್ಡು ಕೊಡುವುದಿಲ್ಲ ಅಂದಿತ್ತು. ಯಾವ ಚಿಕಿತ್ಸೆ ಕೊಡಬೇಕು ಅಂತ ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಇನ್ನೂ ಮುಂದೆ ಹೋಯಿತು. ಬರೀ ಸೊಂಟ ನೋವಿಗೆ ಕೃತಕ ಡಿಸ್ಕ್ ಬೇಡ, ಬೆಸುಗೆಯೂ ಬೇಡ, ಬೆಸುಗೆ ಮಾಡುವುದಿದ್ದರೆ ಅಧ್ಯಯನದ ಭಾಗವಾಗಿ ಮಾತ್ರ ಅಂದಿತು.

ಕಪ್ಪಗಿನ ಡಿಸ್ಕಿನ ವಿಷಯವೂ ಇದೆ. 1994ರಲ್ಲಿ ಬೆನ್ನು ನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿ ನೋಡಿದರು. 52% ಮಂದಿಗೆ ಒಂದಾದರೂ ಡಿಸ್ಕ್ ಉಬ್ಬಿತ್ತು. ನೋವಿಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ಹಾಕಿದ 2015ರ ವರದಿ ಪ್ರಕಾರ 20ರ ವಯಸ್ಸಿನಲ್ಲೇ 37% ಮಂದಿಗೆ ಡಿಸ್ಕ್ ಸವೆತ ಕಾಣುತ್ತದೆ, 80ರಲ್ಲಿ 96% ಮಂದಿಗೆ. ಸವೆದ ಡಿಸ್ಕ್ ಸಿಕ್ಕಿತು ಅಂದ ಮಾತ್ರಕ್ಕೆ ನೋವಿನ ಮೂಲ ಸಿಕ್ಕಿತು ಅಂತ ಅಲ್ಲ. ಡಿಸ್ಕೋ ಬೆಸುಗೆಯೋ ಅನ್ನುವ ಜಗಳದ ನಡುವೆ ಈ ಮೊದಲನೇ ಪ್ರಶ್ನೆಯೇ ಕಳೆದುಹೋಗುತ್ತದೆ.

"ನಮ್ಮ ಪಕ್ಕದ ಮನೆಯವರಿಗೆ ಡಿಸ್ಕ್ ಹಾಕಿ ಚೆನ್ನಾಗಾಗಿದೆ" ಅಂತ ಯಾರಾದರೂ ಹೇಳಿದರೆ, ಕುತ್ತಿಗೆಗೋ ಸೊಂಟಕ್ಕೋ ಅಂತ ಮೊದಲು ಕೇಳಿ. ಕುತ್ತಿಗೆಯ ಕೃತಕ ಡಿಸ್ಕಿಗೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ. ಅಲ್ಲಿ ಸಾಮಾನ್ಯವಾಗಿ ಆಪರೇಷನ್ ಮಾಡುವುದು ನರ ಒತ್ತಿ ಕೈ ನೋಯುವಾಗ. ಕಾರಣ ಸ್ಪಷ್ಟ, ಒತ್ತಡ ತೆಗೆದರೆ ಕೈ ನೋವು ಇಳಿಯುತ್ತದೆ. ದಾರಿಯೂ ಕತ್ತಿನ ಮುಂಭಾಗದಿಂದ, ಸುಲಭ. ಆ ಯಶಸ್ಸನ್ನು ಸೊಂಟಕ್ಕೆ ತಂದು ಅಂಟಿಸಲು ಬರುವುದಿಲ್ಲ.

ಸೊಂಟದ ಡಿಸ್ಕ್ ಯಾರಿಗೆ ಹೊಂದುತ್ತದೆ ಅನ್ನುವ ಪಟ್ಟಿ ಚಿಕ್ಕದು. ಆರು ತಿಂಗಳಾದರೂ ಬೇರೆ ಚಿಕಿತ್ಸೆ ಸರಿಯಾಗಿ ಮಾಡಿ ಸೋತಿರಬೇಕು. ಹಿಂಬದಿಯ ಸಣ್ಣ ಕೀಲುಗಳು ಸವೆದಿರಬಾರದು, ಮೂಳೆ ಮುಂದಕ್ಕೆ ಜಾರಿರಬಾರದು. ಮೂಳೆ ಗಟ್ಟಿ ಇರಬೇಕು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯ ಅಂಕ, ಟಿ-ಸ್ಕೋರ್, ಮೈನಸ್ 1ಕ್ಕಿಂತ ಕೆಳಗಿದ್ದರೆ ಪ್ರೊಡಿಸ್ಕ್ ಹಾಕಬಾರದು ಅಂತ ಅಮೆರಿಕದ ನಿಯಮದಲ್ಲೇ ಇದೆ. ಮೂಳೆ ಮೆತ್ತಗಿದ್ದರೆ ತಟ್ಟೆ ಒಳಗಿಳಿಯುತ್ತದೆ, ಫೆರ್ನ್‌ಸ್ಟ್ರೋಮ್ ಗುಂಡಿನ ಹಾಗೆಯೇ.

ಅಕ್ಕನಿಗೆ 57. ಮುಟ್ಟು ನಿಂತು ಎಂಟು ವರ್ಷ. ಇಬ್ಬರು ಡಾಕ್ಟರಲ್ಲಿ ಯಾರೂ ಡೆಕ್ಸಾ ಮಾಡಿಸಿ ಅಂದಿರಲಿಲ್ಲ. ನಾವೇ ಕೇಳಿ ಮಾಡಿಸಿದೆವು. ಮೈನಸ್ 2.1 ಬಂತು. ಅಂದರೆ ನಾವು ವಾರಗಟ್ಟಲೆ ತೂಗಿ ನೋಡುತ್ತಿದ್ದ ಎರಡು ದಾರಿಗಳಲ್ಲಿ ಒಂದು ಅವಳಿಗೆ ಇರಲೇ ಇಲ್ಲ. ವ್ಯಾಯಾಮ ಅಂತ ಅಷ್ಟು ದಿನ ಅವಳು ಮಾಡಿದ್ದು ಎಂಟು ಚಿತ್ರಗಳಿದ್ದ ಒಂದು ಜೆರಾಕ್ಸ್ ಹಾಳೆ ನೋಡಿಕೊಂಡು. ಅದೂ ನೋವು ಜಾಸ್ತಿಯಾದ ದಿನ ಬಿಟ್ಟು. ಈಗ ವಾರಕ್ಕೆ ಮೂರು ದಿನ ಫಿಸಿಯೋಥೆರಪಿಸ್ಟ್ ಎದುರಿಗೇ ನಿಂತು ಮಾಡಿಸುತ್ತಾರೆ. ಬಿಂದಿಗೆ ಬಗ್ಗಿ ಎತ್ತುವುದನ್ನು ಖಾಲಿ ಬಿಂದಿಗೆಯಿಂದ ಶುರು ಮಾಡಿಸಿದರು. ಹೋದ ವಾರ ಅರ್ಧ ತುಂಬಿಸಿ ಎತ್ತಿದಳಂತೆ.