ಬಹುಸೌಲಭ್ಯದ ಮೊಬೈಲು: ಗುಣದೋಷ ತೂಗುವುದು ಹೇಗೆ?

ಈ ಪ್ರಶ್ನೆ ಪ್ರಬಂಧದ ಪತ್ರಿಕೆಯಲ್ಲೂ ಬರುತ್ತದೆ, ವಾಣಿಜ್ಯ ಓದುವವರ ಮಾರ್ಕೆಟಿಂಗ್ ಪತ್ರಿಕೆಯಲ್ಲೂ ಬರುತ್ತದೆ: "ಹಲವು ಸೌಲಭ್ಯಗಳುಳ್ಳ ಮೊಬೈಲ್ ಫೋನುಗಳ ಗುಣದೋಷಗಳನ್ನು ವಿಮರ್ಶಿಸಿ." ಹಾಳೆಯ ನಡುವೆ ಗೆರೆ ಎಳೆದು ಎಡಗಡೆ ಐದು ಅನುಕೂಲ, ಬಲಗಡೆ ಐದು ಅನಾನುಕೂಲ ಬರೆದು ಎದ್ದು ಬರುವವರೇ ಹೆಚ್ಚು. ಹೋದ ವರ್ಷ ನಾನೂ ಅದನ್ನೇ ಮಾಡಿದೆ, ಹತ್ತಕ್ಕೆ ನಾಲ್ಕು ಬಂತು. ಪಟ್ಟಿ ಮಾಡಿದ್ದೆ, ತೂಗಿರಲಿಲ್ಲ. ಆಮೇಲೆ ಕೂತು ಮಾಡಿಕೊಂಡ ಟಿಪ್ಪಣಿ ಇದು.

ಮೊದಲು ಹೆಸರಿನ ಗೊಂದಲ

'ಫೀಚರ್ ಫೋನ್' ಅಂದರೆ ಸೌಲಭ್ಯ ಹೆಚ್ಚಿರುವ ಫೋನು ಅಂದುಕೊಂಡು ಉತ್ತರವನ್ನೇ ತಲೆಕೆಳಗು ಮಾಡಿದವರಿದ್ದಾರೆ. ಇವತ್ತಿನ ಬಳಕೆಯಲ್ಲಿ ಅದು ಬಟನ್ ಫೋನು, ಅಂದರೆ ಸೌಲಭ್ಯ ಕಡಿಮೆ ಇರುವುದು. ಬರೀ ಕರೆ ಮತ್ತು ಎಸ್ಎಂಎಸ್ ಇದ್ದ ಕಾಲದಲ್ಲಿ ಕ್ಯಾಮೆರಾ, ಎಫ್ಎಂ ಇದ್ದದ್ದೇ ದೊಡ್ಡಸ್ತಿಕೆಯಾಗಿತ್ತು, ಆಗ ಅಂಟಿದ ಹೆಸರು ಹಾಗೇ ಉಳಿಯಿತು. ಪ್ರಶ್ನೆ ಕೇಳುತ್ತಿರುವುದು ಸ್ಮಾರ್ಟ್‌ಫೋನಿನ ಬಗ್ಗೆ. ಮೊದಲ ಸಾಲಿನಲ್ಲೇ ಇದನ್ನು ಹೇಳಿಬಿಡಿ.

ಒಂದೇ ಕಂಪನಿ, ಎರಡು ಫೋನು

ಸುಮ್ಮನೆ 'ಬ್ಯಾಟರಿ ಬೇಗ ಖಾಲಿಯಾಗುತ್ತದೆ' ಎಂದು ಬರೆದರೆ ಅದು ಅರೆಮಾತು. ಲೆಕ್ಕ ತೋರಿಸಿದರೆ ವಾದ ಆಗುತ್ತದೆ. ನೋಕಿಯಾದ ಎರಡು ಫೋನು ತೆಗೆದುಕೊಳ್ಳಿ.

ಒಂದು ನೋಕಿಯಾ 1100. ಬಂದದ್ದು 2003ರಲ್ಲಿ, ಮಾರಾಟವಾದದ್ದು 25 ಕೋಟಿಗೂ ಹೆಚ್ಚು. ಕಪ್ಪುಬಿಳುಪು ಪರದೆ, ದೂಳು ಒಳಹೋಗದ ಕೀಪ್ಯಾಡು, ತಲೆಯ ಮೇಲೆ ಒಂದು ಟಾರ್ಚು. ಕ್ಯಾಮೆರಾ ಇಲ್ಲ, ಇಂಟರ್‌ನೆಟ್ ಇಲ್ಲ.

ಇನ್ನೊಂದು ನೋಕಿಯಾ ಎನ್95, 2007ರದ್ದು. 5 ಮೆಗಾಪಿಕ್ಸೆಲ್ ಕ್ಯಾಮೆರಾ, ಜಿಪಿಎಸ್, ವೈಫೈ, 3ಜಿ, ಟಿವಿಗೆ ಜೋಡಿಸುವ ಸೌಕರ್ಯ, ಮೇಲಕ್ಕೂ ಕೆಳಕ್ಕೂ ಜಾರುವ ಮುಚ್ಚಳ. ಆ ಕಾಲಕ್ಕೆ ಅದರಲ್ಲಿ ಏನಿಲ್ಲ ಅಂತ ಕೇಳುವುದೇ ಸುಲಭವಿತ್ತು.

ಈಗ ಬ್ಯಾಟರಿ ನೋಡಿ. 1100ರದ್ದು 850 ಎಂಎಎಚ್ (ಮಿಲಿಆಂಪಿಯರ್-ಗಂಟೆ, ಅಂದರೆ ಆಂಪಿಯರ್-ಗಂಟೆಯ ಸಾವಿರದ ಒಂದು ಪಾಲು), ಎನ್95ರದ್ದು 950 ಎಂಎಎಚ್. ಎರಡೂ 3.7 ವೋಲ್ಟಿನವು. ಆಂಪಿಯರ್-ಗಂಟೆಯನ್ನು ವೋಲ್ಟಿನಿಂದ ಗುಣಿಸಿದರೆ ವ್ಯಾಟ್-ಗಂಟೆ, ಅಂದರೆ ಬ್ಯಾಟರಿ ಹಿಡಿಯುವ ಶಕ್ತಿಯ ಅಳತೆ, ಸಿಗುತ್ತದೆ: ಒಂದಕ್ಕೆ ಸುಮಾರು 3.1, ಇನ್ನೊಂದಕ್ಕೆ ಸುಮಾರು 3.5. ಬ್ಯಾಟರಿಯೆಂಬ ತೊಟ್ಟಿ ಹೆಚ್ಚುಕಡಿಮೆ ಒಂದೇ ಅಳತೆಯದು, ಸೌಲಭ್ಯಗಳೆಂಬ ನಲ್ಲಿಗಳ ಸಂಖ್ಯೆಯಲ್ಲಿ ಮಾತ್ರ ಅಜಗಜಾಂತರ. 1100ಕ್ಕೆ ವಾರಕ್ಕೆ ಒಂದೆರಡು ಸಲ ಚಾರ್ಜು ಸಾಕಾಗುತ್ತಿತ್ತು. ಎನ್95ರಲ್ಲಿ ಎಲ್ಲವನ್ನೂ ಬಳಸಹೊರಟರೆ ಸಂಜೆಗೇ ಚಾರ್ಜರ್ ಹುಡುಕಬೇಕಿತ್ತು. ಮುಂದೆ ಅದರ 8 ಜಿಬಿ ಮಾದರಿಗೆ 1200 ಎಂಎಎಚ್ ಬ್ಯಾಟರಿ ಹಾಕಿದರು.

ಇವತ್ತಿನ 5000 ಎಂಎಎಚ್ ಫೋನಿನ ಲೆಕ್ಕವನ್ನೂ ಹಾಕಿಬಿಡೋಣ. 3.85 ವೋಲ್ಟಿಗೆ ಅದು ಸುಮಾರು 19 ವ್ಯಾಟ್-ಗಂಟೆ. 1100ರ ಆರು ಪಟ್ಟು ಶಕ್ತಿ. ಆದರೂ ದಿನಾ ರಾತ್ರಿ ಪ್ಲಗ್ಗಿಗೆ ಚುಚ್ಚುತ್ತೇವೆ. ತೊಟ್ಟಿ ದೊಡ್ಡದಾದ ಹಾಗೆಲ್ಲ ಹೊಸ ನಲ್ಲಿ ಕೂರಿಸಿದ್ದೇವೆ, ಅಷ್ಟೇ. ಈ ಒಂದು ಪ್ಯಾರಾ ಬರೆದರೆ ಬ್ಯಾಟರಿಯ ಬಗ್ಗೆ ಮತ್ತೇನೂ ಹೇಳಬೇಕಿಲ್ಲ.

ಕೊಳ್ಳುವಾಗಿನ ಮನಸ್ಸು, ಬಳಸುವಾಗಿನ ಮನಸ್ಸು

ಮಾರ್ಕೆಟಿಂಗ್ ಓದುವವರು ಇದನ್ನು ಬಿಡಬೇಡಿ. 2005ರಲ್ಲಿ ಥಾಂಪ್ಸನ್, ಹ್ಯಾಮಿಲ್ಟನ್, ರಸ್ಟ್ ಎಂಬ ಮೂವರು ಸಂಶೋಧಕರು 'ಫೀಚರ್ ಫಟೀಗ್' ಎಂಬ ವಿಚಾರ ಮುಂದಿಟ್ಟರು. ಸೌಲಭ್ಯಗಳ ಸುಸ್ತು ಅನ್ನೋಣ. ಜನರ ಮುಂದೆ ಒಂದೇ ಬಗೆಯ ಉಪಕರಣದ ಕಡಿಮೆ ಸೌಲಭ್ಯದ್ದು, ಹೆಚ್ಚು ಸೌಲಭ್ಯದ್ದು ಇಟ್ಟರೆ ಹೆಚ್ಚಿನದನ್ನೇ ಆರಿಸುತ್ತಾರೆ. ಬಳಸಲು ಕಷ್ಟವಾದೀತು ಎಂದು ಗೊತ್ತಿದ್ದೂ ಆರಿಸುತ್ತಾರೆ. ಬಳಸಿ ನೋಡಿದ ಮೇಲೆ ಒಲವು ಸರಳವಾದದ್ದರ ಕಡೆ ವಾಲುತ್ತದೆ. ಅಂಗಡಿಯಲ್ಲಿ ನಾವು ಕೇಳುವುದು 'ಇದು ಏನೇನು ಮಾಡುತ್ತದೆ?' ಅಂತ, ಮನೆಗೆ ತಂದ ಮೇಲೆ 'ಇದನ್ನು ಹೇಗಪ್ಪಾ ಮಾಡೋದು?' ಅಂತ.

ಉದಾಹರಣೆ ಬೇಕಿದ್ದರೆ ಮೊದಲ ಐಫೋನು ಇದೆ. ಎನ್95ರ ವರ್ಷವೇ, 2007ರಲ್ಲೇ ಬಂತು. ಸೌಲಭ್ಯದ ಪಟ್ಟಿಯಲ್ಲಿ ಎನ್95ರ ಮುಂದೆ ಅದು ಬಡಪಾಯಿ: 2 ಮೆಗಾಪಿಕ್ಸೆಲ್ ಕ್ಯಾಮೆರಾ, ವಿಡಿಯೊ ತೆಗೆಯುವ ಹಾಗಿಲ್ಲ, 3ಜಿ ಇಲ್ಲ, ಜಿಪಿಎಸ್ ಇಲ್ಲ, ಬರೆದದ್ದನ್ನು ಕಾಪಿ-ಪೇಸ್ಟ್ ಮಾಡುವ ದಾರಿ ಕೂಡ 2009ರವರೆಗೆ ಇರಲಿಲ್ಲ. ಆದರೆ ಇದ್ದದ್ದು ಕೈಗೆ ಒಗ್ಗುತ್ತಿತ್ತು. ಮುಂದಿನ ಫೋನುಗಳು ಯಾವುದರ ಹಾದಿ ಹಿಡಿದವು ಎಂದು ಬಿಡಿಸಿ ಹೇಳಬೇಕಿಲ್ಲ. (ಐಫೋನಿನ ಗೆಲುವಿಗೆ ಇದೊಂದೇ ಕಾರಣ ಎಂದು ಮಾತ್ರ ಬರೆಯಬೇಡಿ. 2008ರಲ್ಲಿ ಬಂದ ಆ್ಯಪ್ ಸ್ಟೋರಿನ ಪಾಲು ದೊಡ್ಡದು.)

ಕೂಡುವುದು, ಗುಣಿಸುವುದು, ಕಳೆಯುವುದು

ಓದುತ್ತಾ ನನಗೆ ಸಿಕ್ಕ ತಕ್ಕಡಿ ಇದು. ಸೌಲಭ್ಯ ಎಷ್ಟು ಎಂದು ಎಣಿಸುವುದಕ್ಕಿಂತ ಒಂದು ಸೌಲಭ್ಯ ಪಕ್ಕದ್ದರ ಜೊತೆ ಹೇಗೆ ಬಾಳುತ್ತದೆ ನೋಡಬೇಕು.

ಕೆಲವು ಸುಮ್ಮನೆ ಕೂಡಿಕೊಳ್ಳುತ್ತವೆ. ಅಗ್ಗದ ಫೋನುಗಳ ಬೆನ್ನಿಗೆ ಮೂರೋ ನಾಲ್ಕೋ ಕ್ಯಾಮೆರಾ ಇರುತ್ತದಲ್ಲ, ಅದರಲ್ಲಿ ತೀರಾ ಹತ್ತಿರದ ಚಿತ್ರ ತೆಗೆಯಲೆಂದು ಇಟ್ಟ 2 ಮೆಗಾಪಿಕ್ಸೆಲ್ಲಿನ ಮ್ಯಾಕ್ರೊ ಕ್ಯಾಮೆರಾ ಆಟಕ್ಕುಂಟು ಲೆಕ್ಕಕ್ಕಿಲ್ಲ. ದೊಡ್ಡ ಸಂಖ್ಯೆಯನ್ನೂ ನಂಬಬೇಡಿ. 108 ಮೆಗಾಪಿಕ್ಸೆಲ್ ಕ್ಯಾಮೆರಾ ಸಾಮಾನ್ಯವಾಗಿ ಒಂಬತ್ತು ಪಿಕ್ಸೆಲ್ಲುಗಳನ್ನು ಒಂದಾಗಿ ಸೇರಿಸಿ ಕೊಡುವುದು 12 ಮೆಗಾಪಿಕ್ಸೆಲ್ ಚಿತ್ರವನ್ನು. ಮಂದ ಬೆಳಕಿನಲ್ಲಿ ಅದರಿಂದ ಲಾಭವಿದೆ, ನಿಜ. ಆದರೆ ಪೆಟ್ಟಿಗೆಯ ಮೇಲಿನ ಅಂಕಿಯೂ ಕೈಗೆ ಸಿಗುವ ಚಿತ್ರವೂ ಬೇರೆಬೇರೆ.

ಕೆಲವು ಗುಣಿಸುತ್ತವೆ. ಬಸ್ ಸ್ಟ್ಯಾಂಡಿನ ಎದುರಿನ ಎಳನೀರು ಗಾಡಿಗೆ ನೇತುಹಾಕಿದ ಕ್ಯೂಆರ್ ರಟ್ಟನ್ನು ನೆನೆಸಿಕೊಳ್ಳಿ. ಅದನ್ನು ಓದಲು ಕ್ಯಾಮೆರಾ ಬೇಕು, ಹಣ ಹೋಗಲು ಇಂಟರ್‌ನೆಟ್ ಬೇಕು, ಇವರೇ ಖಾತೆದಾರರು ಎಂದು ಖಾತ್ರಿ ಮಾಡಲು ಸಿಮ್ ಬೇಕು. ಮೂರರಲ್ಲಿ ಒಂದು ಸೊನ್ನೆಯಾದರೆ ಗುಣಲಬ್ಧವೂ ಸೊನ್ನೆ. ಮೂರೂ ಒಂದೇ ಡಬ್ಬಿಯಲ್ಲಿ ಕೂಡಿದ್ದರಿಂದಲೇ 2016ರಲ್ಲಿ ಶುರುವಾದ ಯುಪಿಐ ಎಳನೀರಿನ ಗಾಡಿಯವರೆಗೂ ಬಂತು. ಬಹುಸೌಲಭ್ಯದ ಪರವಾಗಿ ಇದಕ್ಕಿಂತ ಗಟ್ಟಿ ವಾದ ನನಗೆ ಕಾಣುತ್ತಿಲ್ಲ. ಬಟನ್ ಫೋನಿನವರಿಗೂ 2022ರಲ್ಲಿ ರಿಸರ್ವ್ ಬ್ಯಾಂಕ್ 'ಯುಪಿಐ 123ಪೇ' ತಂದಿದೆ, ಕರೆ ಮಾಡಿಯೇ ಹಣ ಕಳಿಸಬಹುದು. ಅದನ್ನೂ ಒಂದು ಸಾಲಿನಲ್ಲಿ ಸೇರಿಸಿ.

ಇನ್ನು ಕೆಲವು ಒಂದನ್ನೊಂದು ಕಳೆಯುತ್ತವೆ. ಇದಕ್ಕೆ ನೋಕಿಯಾ ಎನ್-ಗೇಜ್ (2003) ಪಾಠದ ಹಾಗಿದೆ. ಫೋನೂ ಹೌದು, ಆಟದ ಯಂತ್ರವೂ ಹೌದು. ಆಟ ಬದಲಿಸಲು ಹಿಂದಿನ ಮುಚ್ಚಳ ತೆಗೆದು, ಬ್ಯಾಟರಿ ಕಿತ್ತು, ಅದರಡಿಯ ಕಾರ್ಡು ಬದಲಿಸಬೇಕು. ಅಂದರೆ ಆಟಕ್ಕಾಗಿ ಫೋನು ಬಂದ್. ಮಾತಾಡಲು ಅದನ್ನು ಅಂಚಿನ ಮೇಲೆ ನಿಲ್ಲಿಸಿ ಕಿವಿಗೆ ಹಿಡಿಯಬೇಕಿತ್ತು, ಜನ ನೋಡಿ ನಗುತ್ತಿದ್ದರು. ಮರುವರ್ಷ ಬಂದ ಎನ್-ಗೇಜ್ ಕ್ಯೂಡಿಯಲ್ಲಿ ಎರಡನ್ನೂ ಸರಿಮಾಡಿದರು, ಜೊತೆಗೆ ಎಂಪಿ3 ಮತ್ತು ಎಫ್ಎಂ ರೇಡಿಯೊ ತೆಗೆದುಹಾಕಿದರು.

ನಮ್ಮ ಕೈಯಲ್ಲಿರುವ ಎರಡು ಸಿಮ್ಮಿನ ಫೋನೂ ಇದೇ ಜಾತಿ. ಹೆಚ್ಚಿನ ಅಗ್ಗದ ಮಾದರಿಗಳಲ್ಲಿ ಸಿಮ್ ಎರಡಿದ್ದರೂ ನೆಟ್‌ವರ್ಕಿನ ಜೊತೆ ಸಂಪರ್ಕ ಇಟ್ಟುಕೊಳ್ಳುವ ಭಾಗ ಒಂದೇ. ಒಂದರಲ್ಲಿ ಮಾತು ನಡೆಯುತ್ತಿದ್ದರೆ ಇನ್ನೊಂದಕ್ಕೆ ಕರೆ ಮಾಡಿದವರಿಗೆ ನೀವು ಸಿಗುವುದಿಲ್ಲ. ಎಫ್ಎಂ ಕಥೆಯೂ ಅಷ್ಟೇ. ಇಯರ್‌ಫೋನಿನ ವೈರೇ ಅದಕ್ಕೆ ಆಂಟೆನಾ. ಫೋನು ತೆಳ್ಳಗಾಗಲಿ, ನೀರು ಒಳಹೋಗದಿರಲಿ ಎಂದು ಇಯರ್‌ಫೋನಿನ ತೂತು ಮುಚ್ಚಿದರೆ ಆಂಟೆನಾವೂ ಹೋಯಿತು. ಫೋನಿನಲ್ಲಿ ಎಫ್ಎಂ ಇದ್ದರೆ ಅದನ್ನು ನಿಷ್ಕ್ರಿಯ ಮಾಡಬೇಡಿ ಎಂದು 2023ರಲ್ಲಿ ಕೇಂದ್ರ ಸರ್ಕಾರ ತಯಾರಕರಿಗೆ ಸಲಹೆ ಕೊಡುವ ಹಂತಕ್ಕೆ ಬಂತು.

ಅಮ್ಮನ ಎರಡು ಫೋನು

ನಮ್ಮೂರು ಮಲೆನಾಡಿನ ಕಡೆ. ಅಮ್ಮನಿಗೆ ಟಚ್ ಫೋನು ಕೊಡಿಸಿ ಮೂರು ವರ್ಷವಾಯಿತು. ಬಟನ್ ಫೋನನ್ನು ಇನ್ನೂ ಬಿಟ್ಟಿಲ್ಲ. ಅಡಿಕೆ ಸುಲಿಯುವ ದಿನಗಳಲ್ಲಿ ಬೆರಳಿಗೆ ಚೊಗರು ಹತ್ತಿ, ಚರ್ಮ ಸವೆದು, ಫೋನು ಅವಳ ಬೆರಳಚ್ಚನ್ನೇ ಒಪ್ಪುವುದಿಲ್ಲ. ಮಳೆಗಾಲದಲ್ಲಿ ಇನ್ನೊಂದು ತರಲೆ. ಟಚ್ ಪರದೆ ಬೆರಳನ್ನು ಗುರುತಿಸುವುದು ಒತ್ತಡದಿಂದಲ್ಲ, ಬೆರಳು ತಾಗಿದಲ್ಲಿ ವಿದ್ಯುತ್ ಕ್ಷೇತ್ರ ಬದಲಾಗುವುದರಿಂದ. ನೀರಿನ ಹನಿಯೂ ಅದೇ ಕೆಲಸ ಮಾಡುತ್ತದೆ. ಒದ್ದೆ ಕೈಯಲ್ಲಿ ನನಗೆ ಹಚ್ಚಿದ ಕರೆ ಒಮ್ಮೆ ಗ್ಯಾಸ್ ಏಜೆನ್ಸಿಗೆ ಹೋಗಿತ್ತು. "ನಿನ್ನ ಫೋನಿಗೆ ಕೈ ತೊಳ್ಕೊಂಡು, ಒರೆಸ್ಕೊಂಡು, ಮಡಿಯಲ್ಲಿ ಬರಬೇಕು ಮಾರಾಯ್ತಿ" ಅಂದಳು.

ಇಷ್ಟೇ ಆದರೆ ತೀರ್ಪು ಬಟನ್ ಫೋನಿನ ಕಡೆಗೆ. ಆದರೆ ಬಟನ್ ಫೋನಿನಲ್ಲಿ ಅವಳು ಹತ್ತು ವರ್ಷದಲ್ಲಿ ಒಂದೇ ಒಂದು ಮೆಸೇಜು ಬರೆದವಳಲ್ಲ. ಒಂದು ಕನ್ನಡ ಅಕ್ಷರಕ್ಕೆ ಎಷ್ಟು ಸಲ ಒತ್ತಬೇಕೋ! ಸ್ಮಾರ್ಟ್‌ಫೋನಿನಲ್ಲೂ ಮೊದಮೊದಲು ಕನ್ನಡ ಬರೀ ಚೌಕ ಚೌಕವಾಗಿ ಕಾಣುತ್ತಿತ್ತು. ಆಂಡ್ರಾಯ್ಡ್‌ಗೆ ಕನ್ನಡ ಲಿಪಿಯ ಬೆಂಬಲ ಸಿಕ್ಕಿದ್ದು 2012ರ 4.1 ಆವೃತ್ತಿಯಲ್ಲಿ. 2017ರಲ್ಲಿ ಗೂಗಲ್ ಕನ್ನಡದಲ್ಲಿ ಮಾತಾಡಿ ಬರೆಸುವ ವ್ಯವಸ್ಥೆ ಕೊಟ್ಟಿತು. ಈಗ ಅಮ್ಮ ಮೈಕಿನ ಗುರುತು ಒತ್ತಿ, ಫೋನನ್ನು ಬಾಯಿಯ ಹತ್ತಿರ ಹಿಡಿದು, ಆಚೆಮನೆಗೆ ಕೇಳುವ ಹಾಗೆ ಕೂಗುತ್ತಾಳೆ. 'ದೊಡ್ಡಪ್ಪನಿಗೆ ಜ್ವರ ಬಿಟ್ಟಿದೆ' ಅನ್ನುವ ಸಾಲು ಬೆಂಗಳೂರಿನ ನನ್ನ ರೂಮಿಗೆ ಬಂದು ಬೀಳುತ್ತದೆ. ಮೈಕು, ಇಂಟರ್‌ನೆಟ್ಟು, ಕನ್ನಡದ ಅಕ್ಷರ, ಇದೂ ಗುಣಾಕಾರವೇ.

ಇದರಿಂದ ಉತ್ತರಕ್ಕೆ ತೆಗೆದುಕೊಳ್ಳಬೇಕಾದದ್ದು: ಒಂದು ಸೌಲಭ್ಯ ಯಾರ ಕೈಯಲ್ಲಿದೆ, ಆ ಕೈ ಏನು ಕೆಲಸ ಮಾಡುತ್ತಿದೆ ಎನ್ನುವುದನ್ನು ಬಿಟ್ಟು ಗುಣ, ದೋಷ ಹೇಳಲಾಗದು.

ಒಂದು ಹೋದರೆ ಎಲ್ಲ ಹೋಯಿತು

ಅನಾನುಕೂಲಗಳಲ್ಲಿ ಹೆಚ್ಚಿನವರು ಬರೆಯದೆ ಬಿಡುವ ಅಂಶ ಇದು. ಮುಂಚೆ ಕ್ಯಾಮೆರಾ ಕೆಟ್ಟರೆ ಕ್ಯಾಮೆರಾ ಕೆಟ್ಟಿತು, ಗಡಿಯಾರ ನಿಂತರೆ ಗಡಿಯಾರ ನಿಂತಿತು. ಈಗ ಒಂದು ಪರದೆ ಒಡೆದರೆ ಎರಡೂ ಇಲ್ಲ, ಪರ್ಸೂ ಇಲ್ಲ, ನಂಬರುಗಳೂ ಇಲ್ಲ. ಮೇಲಾಗಿ ಬ್ಯಾಂಕಿನ ಆ್ಯಪು ಇರುವ ಫೋನಿಗೇ ಓಟಿಪಿಯೂ ಬರುತ್ತದೆ. ಬೀಗ, ಬೀಗದಕೈ ಎರಡನ್ನೂ ಒಂದೇ ಜೇಬಿನಲ್ಲಿಟ್ಟ ಹಾಗೆ.

ಕಳೆದ ದೀಪಾವಳಿಗೆ ಊರಿಗೆ ಹೊರಟಾಗ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತುವ ಹೊತ್ತಿಗೆ ನನ್ನ ಫೋನು ಸ್ವಿಚ್ ಆಫ್ ಆಯಿತು. ಟಿಕೆಟ್ ಫೋನಿನೊಳಗೆ, ಹಣ ಫೋನಿನೊಳಗೆ, ಅಪ್ಪನ ನಂಬರೂ ಫೋನಿನೊಳಗೆ. ನೆನಪಿದ್ದದ್ದು ಮನೆಯ ಹಳೇ ಲ್ಯಾಂಡ್‌ಲೈನ್ ನಂಬರು ಮಾತ್ರ, ಅದನ್ನು ತೆಗೆಸಿ ಎಷ್ಟೋ ಕಾಲವಾಗಿದೆ. ಕಂಡಕ್ಟರ್ ಪಟ್ಟಿಯಲ್ಲಿ ನನ್ನ ಹೆಸರು ಹುಡುಕಿ ಕೂರಿಸಿದರು.

ಫೋನು ಕಳೆದಾಗ ಏನು ಮಾಡಬೇಕು ಎನ್ನುವುದನ್ನೂ ಬರೆದರೆ ಉತ್ತರಕ್ಕೆ ತೂಕ ಬರುತ್ತದೆ. *#06# ಒತ್ತಿದರೆ ಫೋನಿನ ಐಎಂಇಐ ಸಂಖ್ಯೆ (ಒಂದೊಂದು ಫೋನಿಗೂ ಇರುವ ಅದರದೇ ಗುರುತಿನ ಸಂಖ್ಯೆ) ಕಾಣುತ್ತದೆ, ಅದನ್ನು ಕಾಗದದ ಮೇಲೆ ಬರೆದಿಡಬೇಕು (ಫೋನಿನಲ್ಲೇ ಸೇವ್ ಮಾಡಿಟ್ಟ ಮಹಾನುಭಾವರೂ ನಮ್ಮ ಹಾಸ್ಟೆಲಿನಲ್ಲಿದ್ದಾರೆ). 2023ರ ಮೇ ತಿಂಗಳಲ್ಲಿ ಶುರುವಾದ ಕೇಂದ್ರ ಸರ್ಕಾರದ 'ಸಂಚಾರ್ ಸಾಥಿ' ತಾಣದಲ್ಲಿ ಆ ಸಂಖ್ಯೆ ಕೊಟ್ಟು, ಕಳೆದ ಫೋನು ದೇಶದ ಯಾವ ನೆಟ್‌ವರ್ಕಿನಲ್ಲೂ ನಡೆಯದ ಹಾಗೆ ತಡೆಹಿಡಿಸಬಹುದು.

ಉತ್ತರ ಬರೆಯುವಾಗ

ಹತ್ತು ಅಂಕಕ್ಕೆ ಎಲ್ಲವನ್ನೂ ತುಂಬಬೇಡಿ. ಎನ್95 ಮತ್ತು 1100ರ ಬ್ಯಾಟರಿ ಲೆಕ್ಕ, ಕ್ಯೂಆರ್ ಉದಾಹರಣೆ, ಎನ್-ಗೇಜ್, ಇಷ್ಟಿದ್ದರೆ ಸಾಕು. ಕಣ್ಣು ಹಾಳಾಗುತ್ತದೆ, ಮಕ್ಕಳು ಹಾಳಾಗುತ್ತಾರೆ ಎಂಬ ಸಾಲುಗಳನ್ನು ಪಕ್ಕದ ಬೆಂಚಿನವರು ಹೇಗೂ ಬರೆಯುತ್ತಾರೆ. ಅಭ್ಯಾಸಕ್ಕೆ ಒಂದು ಕೆಲಸ: ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಪುಟ ತೆರೆದು, ನಿನ್ನೆಯಿಂದ ಯಾವ ಆ್ಯಪ್ ಎಷ್ಟು ತಿಂದಿದೆ ನೋಡಿ, ಮೇಲಿನ ಐದನ್ನು ಬರೆದುಕೊಳ್ಳಿ. ಯಾವುದು ಕೂಡಿದ್ದು, ಯಾವುದು ಗುಣಿಸಿದ್ದು, ಯಾವುದು ಕಳೆದದ್ದು ಎಂದು ಪಕ್ಕದಲ್ಲಿ ಗುರುತು ಹಾಕಿ. ನನ್ನ ಪಟ್ಟಿಯಲ್ಲಿ ಮೊದಲನೆಯದು ರೀಲ್ಸ್ ನೋಡುವ ಆ್ಯಪು. ಅದರ ಮುಂದೆ ಏನು ಗುರುತು ಹಾಕಿದೆ ಎಂದು ಕೇಳಬೇಡಿ.